ಫ್ರಾಟರ್ನಿಟಿ ದೀಕ್ಷೆ: ಸೇರುವ ಮುನ್ನ ವಿಚಾರಿಸಬೇಕಾದದ್ದು, ಪೆಟ್ಟಾದಾಗ ಮಾಡಬೇಕಾದದ್ದು

ಅಮೆರಿಕದ ಕಾಲೇಜಿಗೆ ಹೋದ ನಮ್ಮ ಹುಡುಗರಲ್ಲಿ ಕೆಲವರು ಗೆಳೆಯರ ಬಳಗ ಸಿಗಲೆಂದು ಫ್ರಾಟರ್ನಿಟಿ, ಅಂದರೆ ವಿದ್ಯಾರ್ಥಿಗಳ ಸದಸ್ಯತ್ವ ಸಂಘ, ಸೇರಲು ಹೊರಡುತ್ತಾರೆ. ಸೇರಿಸಿಕೊಳ್ಳುವ ದೀಕ್ಷೆಯ ಹೆಸರಿನಲ್ಲಿ ಹೊಸಬರನ್ನು ಹಿಂಸಿಸುವುದಕ್ಕೆ ಅಲ್ಲಿ ಹೇಜಿಂಗ್ ಎನ್ನುತ್ತಾರೆ. ರ್ಯಾಗಿಂಗ್‌ನಲ್ಲಿ ಹಿರಿಯರು ತಾವಾಗಿ ಬಂದು ಕಾಡುತ್ತಾರೆ; ಹೇಜಿಂಗ್‌ನಲ್ಲಿ ಸದಸ್ಯತ್ವ ಕೇಳಿಕೊಂಡು ಹೋದವನು ಹೊಸಬನೇ ಆದ್ದರಿಂದ, ಏಟು ತಿಂದ ಮೇಲೂ ‘ಒಪ್ಪಿದವನು ನಾನೇ ಅಲ್ಲವೇ’ ಎಂದು ಸುಮ್ಮನಾಗುತ್ತಾನೆ. ಸುಮ್ಮನಿರಬೇಕಾಗಿಲ್ಲ. ಪೆನ್ಸಿಲ್ವೇನಿಯ, ಫ್ಲಾರಿಡಾ ಮುಂತಾದ ರಾಜ್ಯಗಳ ಕಾನೂನಿನಲ್ಲಿ, ಪೆಟ್ಟು ತಿಂದವನು ಒಪ್ಪಿದ್ದನೆಂಬ ಕಾರಣಕ್ಕೆ ಹೊಡೆದವನು ಪಾರಾಗಲಾರ.

ಸೇರುವ ಮುನ್ನ ಆ ಶಾಖೆಯ ಹಿನ್ನೆಲೆ ನೋಡಿ. 2024ರ ಡಿಸೆಂಬರ್‌ನಲ್ಲಿ ಸಹಿಯಾದ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆಕ್ಟ್ ಪ್ರಕಾರ, ಹೇಜಿಂಗ್ ನಿಯಮ ಮೀರಿದ್ದು ಸಾಬೀತಾದ ಸಂಘಟನೆಗಳ ವರದಿಯನ್ನು ಕಾಲೇಜು ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ಅದರಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ನಿಶ್ಚಿಂತರಾಗದೆ, ದೀಕ್ಷೆ ಎಲ್ಲಿ ನಡೆಯುತ್ತದೆ, ಫೋನ್ ಕಿತ್ತುಕೊಳ್ಳುತ್ತಾರೆಯೇ, ಕಣ್ಣಿಗೆ ಬಟ್ಟೆ ಕಟ್ಟುತ್ತಾರೆಯೇ ಎಂದು ನೇರವಾಗಿ ಕೇಳಿ. ಉತ್ತರ ಗುಟ್ಟೆಂದರೆ ಸೇರಬೇಡಿ.

2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಬರೂಕ್ ಕಾಲೇಜಿನ ಹೊಸ ವಿದ್ಯಾರ್ಥಿಯನ್ನು ಪೈ ಡೆಲ್ಟಾ ಸೈ ಎಂಬ ಫ್ರಾಟರ್ನಿಟಿಯ ಸದಸ್ಯರು ಪೆನ್ಸಿಲ್ವೇನಿಯದ ಪೊಕೊನೊ ಬೆಟ್ಟಸೀಮೆಯ ಬಾಡಿಗೆ ಮನೆಗೆ ಕರೆದೊಯ್ದು, ಕಣ್ಣು ಕಟ್ಟಿ, ಬೆನ್ನಿಗೆ ಮರಳಿನ ಚೀಲ ಹೊರಿಸಿ, ಚಳಿಯಲ್ಲಿ ಮತ್ತೆ ಮತ್ತೆ ನೆಲಕ್ಕೆ ಕೆಡವಿದರು. ಪ್ರಜ್ಞೆ ತಪ್ಪಿದ ಹುಡುಗನನ್ನು ಕೂಡಲೇ ಆಸ್ಪತ್ರೆಗೆ ಸೇರಿಸುವುದನ್ನು ಬಿಟ್ಟು, ಅವನ ಬಟ್ಟೆ ಬದಲಿಸಿದರು, ಲಕ್ಷಣಗಳನ್ನು ಇಂಟರ್ನೆಟ್‌ನಲ್ಲಿ ಹುಡುಕಿದರು. ಅವನು ಉಳಿಯಲಿಲ್ಲ. ಆ ಹೊತ್ತಿನಲ್ಲಿ ಅಲ್ಲಿದ್ದವರಲ್ಲಿ ಒಬ್ಬನಾದರೂ ಅಮೆರಿಕದ ತುರ್ತು ನೆರವಿನ ಸಂಖ್ಯೆಯಾದ 911ಕ್ಕೆ ಕರೆ ಮಾಡಬೇಕಾಗಿತ್ತು.

ಆದ್ದರಿಂದ ತಲೆಗೆ ಪೆಟ್ಟು ಬಿದ್ದವನು ಪದೇ ಪದೇ ವಾಂತಿ ಮಾಡಿದರೆ, ಎಬ್ಬಿಸಿದರೂ ಏಳದಿದ್ದರೆ, ಕಿವಿ ಮೂಗಿನಿಂದ ರಕ್ತ ಅಥವಾ ತಿಳಿನೀರು ಸೋರಿದರೆ, ಯಾರನ್ನೂ ಕೇಳದೆ 911ಕ್ಕೆ ಕರೆ ಮಾಡಿ. ಕತ್ತು ಅಲುಗಾಡಿಸಬೇಡಿ, ‘ಮಲಗಿದರೆ ಸರಿಹೋಗುತ್ತದೆ’ ಎಂಬ ಮಾತಿಗೆ ಕಿವಿಗೊಡಬೇಡಿ. ಕುಡಿದು ಪ್ರಜ್ಞೆ ತಪ್ಪಿದ್ದು, ಪೆಟ್ಟು ಬಿದ್ದಿಲ್ಲವೆಂದು ಖಚಿತವಾಗಿದ್ದರೆ, ಆಂಬುಲೆನ್ಸ್ ಬರುವವರೆಗೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಉಸಿರಾಟ ಗಮನಿಸುತ್ತಿರಿ. ನೆರವಿಗಾಗಿ ಕರೆ ಮಾಡಿದವರಿಗೆ ಅನೇಕ ರಾಜ್ಯಗಳಲ್ಲಿ ಕಾನೂನಿನ ರಕ್ಷಣೆಯಿದೆ.

ನೂರಾರು ಬಸ್ಕಿ ಹೊಡೆಸಿದ ಬಳಿಕದ ಅಪಾಯ ಹೊರಗೆ ಕಾಣಿಸುವುದಿಲ್ಲ. ಒಂದೆರಡು ದಿನಗಳಲ್ಲಿ ತೊಡೆ ಊದಿ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ, ಸ್ನಾಯು ಒಡೆದು ಅದರ ಅಂಶ ಮೂತ್ರಪಿಂಡಕ್ಕೆ ಹೋಗುತ್ತಿದೆ ಎಂದೇ ತಿಳಿದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ನಡೆದದ್ದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

ಗಾಯಗಳ ಫೋಟೊ ತೆಗೆದಿಟ್ಟುಕೊಳ್ಳಿ, ಗುಂಪಿನ ಮೆಸೇಜುಗಳನ್ನು ಅಳಿಸಬೇಡಿ, ಕ್ಯಾಂಪಸ್ ಪೊಲೀಸರಿಗೂ ವಿದ್ಯಾರ್ಥಿಗಳ ಡೀನ್‌ಗೂ ಬರವಣಿಗೆಯಲ್ಲಿ ದೂರು ಕೊಡಿ. ಊರಿನಲ್ಲಿರುವ ತಂದೆತಾಯಿಯರು ಇಲ್ಲಿಂದ 911 ಒತ್ತಿದರೆ ಅಲ್ಲಿನ ಪೊಲೀಸರು ಸಿಗುವುದಿಲ್ಲ. ಆ ಕ್ಯಾಂಪಸ್ ಪೊಲೀಸರ ಹತ್ತಂಕಿಯ ಸಂಖ್ಯೆಯನ್ನು, ಮುಂದೆ +1 ಸೇರಿಸಿ, ಮಗ ವಿಮಾನ ಹತ್ತುವ ಮುಂಚೆಯೇ ಫೋನಿನಲ್ಲಿ ಉಳಿಸಿಕೊಂಡಿರಿ.