ಮನೆಯಲ್ಲೇ ಆಕ್ಸಿಜನ್: ಇನ್ಶೂರೆನ್ಸ್ ಹಣ ಕೇಳುವುದು ಹೇಗೆ?

ಡಿಸ್ಚಾರ್ಜ್ ಆಗುವ ಮೊದಲೇ ಡಾಕ್ಟರ ಹತ್ತಿರ ಪತ್ರ ಬರೆಸಿಕೊಳ್ಳಿ. ಇಲ್ಲದಿದ್ದರೆ ಅದೊಂದಕ್ಕೇ ಮಲ್ಪೆಯಿಂದ ಮಣಿಪಾಲಕ್ಕೆ ಮತ್ತೆ ಓಡಬೇಕು. ‘ಆಕ್ಸಿಜನ್ ಬೇಕು’ ಅಂತ ಸುಮ್ನೆ ಒಂದು ಸಾಲು ಸಾಲದು. ರಕ್ತದಲ್ಲಿ ಆಕ್ಸಿಜನ್ ಕುಳಿತಾಗ ಶೇಕಡಾ ಎಷ್ಟು, ನಡೆದಾಗ ಎಷ್ಟು, ಆಕ್ಸಿಜನ್ ನಿಮಿಷಕ್ಕೆ ಎಷ್ಟು ಲೀಟರ್ ಕೊಡಬೇಕು, ದಿನಕ್ಕೆ ಎಷ್ಟು ಗಂಟೆ, ಎಲ್ಲವೂ ಇರಲಿ. ನಮ್ಮ ಅಮ್ಮನ ಪತ್ರದಲ್ಲಿ ‘ಬಚ್ಚಲಿಗೆ ಹೋಗಿ ಬಂದರೆ 84’ ಅಂತಲೇ ಬರೆಸಿದ್ದೆ. ಅದಕ್ಕಿಂತ ಜಾಸ್ತಿ ಏನು ವಿವರಿಸುವುದು?

ಪಾಲಿಸಿಯಲ್ಲಿ ‘ಡೊಮಿಸಿಲಿಯರಿ’ ಭಾಗ, ಅಂದರೆ ಆಸ್ಪತ್ರೆಯ ಬದಲು ಮನೆಯಲ್ಲೇ ಪಡೆಯುವ ಚಿಕಿತ್ಸೆಯ ಭಾಗ, ಹುಡುಕಿ. ಸಾಮಾನ್ಯವಾಗಿ ಚಿಕಿತ್ಸೆ 3 ದಿನ ಮೀರಬೇಕು. ರೋಗಿಯನ್ನು ಸಾಗಿಸಲು ಆಗದಿರಬೇಕು, ಇಲ್ಲವೇ ಆಸ್ಪತ್ರೆಯಲ್ಲಿ ಬೆಡ್ ಸಿಕ್ಕಿರಬಾರದು. ಕಿರಿಕಿರಿ ಏನೆಂದರೆ, ಅಸ್ತಮಾ, ಬ್ರಾಂಕೈಟಿಸ್‌ಗಳನ್ನು ಹಲವು ಪಾಲಿಸಿಗಳು ಇಲ್ಲೇ ಹೊರಗಿಡುತ್ತವೆ. ಆಗ ಡಿಸ್ಚಾರ್ಜ್ ನಂತರದ ಖರ್ಚು ಅಂತ ಕೇಳಿ. ಅದರಲ್ಲಿ ಆಕ್ಸಿಜನ್ ಮೆಷಿನ್‌ಗೆ ಕೊಟ್ಟ ಬಾಡಿಗೆ ಹಣ ವಾಪಸ್ ಸಿಗುವುದು ಕಷ್ಟ, ಹಾಗಾಗಿ ಔಷಧಿ, ಫಿಸಿಯೋಥೆರಪಿ ಬಿಲ್‌ಗಳನ್ನು ಬೇರೆಯಾಗಿಯೇ ಇಡಿ.

ಫೋನಿನಲ್ಲಿ ‘ಆಗಲ್ಲ’ ಅಂದರೆ ಅಲ್ಲಿಗೇ ಬಿಡಬೇಡಿ. ಯಾವ ಷರತ್ತಿನ ಪ್ರಕಾರ ಅಂತ ಬರವಣಿಗೆಯಲ್ಲಿ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, 1 ವರ್ಷದೊಳಗೆ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ (ಇನ್ಶೂರೆನ್ಸ್ ದೂರುಗಳನ್ನು ಬಗೆಹರಿಸುವ ಅಧಿಕಾರಿ) ದೂರು ಕೊಡಬಹುದು. ಫೀಸಿಲ್ಲ, ವಕೀಲರೂ ಬೇಡ. ಆನ್‌ಲೈನ್‌ನಲ್ಲೇ ದೂರು ಹಾಕಬಹುದು, ಅದಕ್ಕಾಗಿ ಶಿರಾಡಿ ಘಾಟಿ ಹತ್ತಬೇಕಿಲ್ಲ.