ಚರ್ಮರೋಗಿಯ ಚೀಟಿಯನ್ನು ಕನ್ನಡದಲ್ಲಿ ಬರೆಯುವ ಬಗೆ: ನನ್ನ ಅನುಭವ

ಹುಬ್ಬಳ್ಳಿಯಲ್ಲಿ ಚರ್ಮರೋಗಗಳ ಚಿಕಿತ್ಸಾಲಯ ನಡೆಸುವ ನನ್ನಲ್ಲಿಗೆ ನಗರದವರಷ್ಟೇ ಅಲ್ಲದೆ ಕುಂದಗೋಳ, ನವಲಗುಂದ, ಕಲಘಟಗಿ, ಶಿಗ್ಗಾಂವಿ, ಬ್ಯಾಡಗಿ ಕಡೆಯ ಹಳ್ಳಿಗಳವರೂ ಬರುತ್ತಾರೆ, ಮತ್ತು ಹೆಚ್ಚಿನವರು ತಮ್ಮ ಕಾಯಿಲೆಯ ಹೆಸರನ್ನು ತಾವೇ ಹೇಳಿಕೊಂಡು ಒಳಗೆ ಬರುತ್ತಾರೆ. ಹೊಟ್ಟೆನೋವಿನವರು ಹೀಗೆ ಮಾಡುವುದು ಕಡಿಮೆ. ಚರ್ಮದ ಕಾಯಿಲೆ ಎಲ್ಲರ ಕಣ್ಣಿಗೂ ಬೀಳುವುದರಿಂದ ಮನೆಯ ಹಿರಿಯರು, ನೆರೆಯವರು, ಔಷಧ ಅಂಗಡಿಯವರು ಅದಕ್ಕೆ ಒಂದೊಂದು ಹೆಸರು ಕೊಟ್ಟಿರುತ್ತಾರೆ: ಕಜ್ಜಿ, ಇಸಬು, ಹುಳುಕಡ್ಡಿ, ಗಜಕರ್ಣ, ಚಿಬ್ಬು, ತೊನ್ನು, ಸರ್ಪಸುತ್ತು, ಪಿತ್ತ. ಯಾವುದೂ ಹೊಂದದಿದ್ದರೆ ನಂಜು ಎಂಬುದೊಂದು ಇದ್ದೇ ಇದೆ. ಈ ಹೆಸರುಗಳನ್ನು ತಪ್ಪೆಂದು ತಳ್ಳಿಹಾಕದೆ, ರೋಗನಿರ್ಣಯವೆಂದು ನಂಬದೆ, ಚೀಟಿಯಲ್ಲಿ ಅವುಗಳಿಗೆ ತಕ್ಕ ಜಾಗ ಕೊಟ್ಟು ಬರೆಯುವ ಪದ್ಧತಿಯೊಂದನ್ನು ನಾನು ರೂಢಿಸಿಕೊಂಡಿದ್ದೇನೆ.

ಪದ್ಧತಿ ಸರಳವಾದದ್ದು. ಮೊದಲ ಸಾಲಿನಲ್ಲಿ ರೋಗಿ ಬಳಸಿದ ಮಾತನ್ನು ಅವರು ಆಡಿದಂತೆಯೇ ಬರೆಯುತ್ತೇನೆ. ಎರಡನೆಯ ಸಾಲಿನಲ್ಲಿ ನನ್ನ ಕಣ್ಣಿಗೂ ಬೆರಳಿಗೂ ಸಿಕ್ಕಿದ್ದನ್ನು, ಎಂದರೆ ಅದು ಚಪ್ಪಟೆ ಕಲೆಯೇ, ಉಬ್ಬಿದ ಗುಳ್ಳೆಯೇ, ನೀರುಗುಳ್ಳೆಯೇ, ಕೀವುಗುಳ್ಳೆಯೇ, ಮೇಲೆ ಹೊಟ್ಟು ಏಳುತ್ತಿದೆಯೇ ಅಥವಾ ಹಕ್ಕಳೆ ಕಟ್ಟಿದೆಯೇ ಎಂಬುದನ್ನು ಬರೆಯುತ್ತೇನೆ. ರೋಗದ ಹೆಸರು ಬರುವುದು ಮೂರನೆಯ ಸಾಲಿನಲ್ಲಿ. ಲಂಡನ್ನಿನ ವೈದ್ಯ ರಾಬರ್ಟ್ ವಿಲನ್ 18ನೆಯ ಶತಮಾನದ ಕೊನೆಯಲ್ಲಿ ಚರ್ಮರೋಗಗಳನ್ನು ವಿಂಗಡಿಸಲು ಹೊರಟಾಗ ಹಿಡಿದದ್ದೂ ಇದೇ ದಾರಿಯನ್ನು. ಕಾರಣ ಗೊತ್ತಿಲ್ಲದ ಆ ಕಾಲದಲ್ಲಿ ಅವರು ಗುಳ್ಳೆ, ಹೊಟ್ಟು, ಕೀವುಗುಳ್ಳೆ, ಕಲೆ ಎಂದು ಕಾಣುವ ರೂಪಗಳನ್ನೇ ಆಧಾರವಾಗಿಟ್ಟುಕೊಂಡು ಎಂಟು ಗುಂಪು ಮಾಡಿದರು. ನಾವು ಇಂದಿಗೂ ಬಳಸುವ ಪಾಪ್ಯೂಲ್ (ಉಬ್ಬಿದ ಗುಳ್ಳೆ), ವೆಸಿಕಲ್ (ನೀರುಗುಳ್ಳೆ), ಮ್ಯಾಕ್ಯೂಲ್ (ಚಪ್ಪಟೆ ಕಲೆ) ಎಂಬ ಪದಗಳ ಬೇರು ಅಲ್ಲಿದೆ. ರೋಗಿ ಮುಂದೆ ಬೇರೆ ವೈದ್ಯರಲ್ಲಿಗೆ ಹೋದರೆ ಅಲ್ಲಿ ನನ್ನ ನಿರ್ಣಯವನ್ನು ಒಪ್ಪಬಹುದು, ಬಿಡಬಹುದು. ಆದರೆ ಎರಡನೆಯ ಸಾಲು ಸರಿಯಿದ್ದರೆ ಇವತ್ತು ಆ ಚರ್ಮ ಹೇಗಿತ್ತು ಎಂಬುದು ಅವರಿಗೆ ತಿಳಿಯುತ್ತದೆ.

ಮೊದಲ ಸಾಲನ್ನು ಪಡೆಯುವುದಕ್ಕೆ ಕಿವಿ ಬೇಕು. ಧಾರವಾಡ ಸೀಮೆಯಲ್ಲಿ ತುರಿಕೆಗೆ ‘ತಿಂಡಿ’ ಎನ್ನುತ್ತಾರೆ. ‘ಮೈಯೆಲ್ಲಾ ತಿಂಡಿ ಬಿಡತೈತ್ರಿ’ ಎಂದ ಅಜ್ಜನಿಗೆ, ದಕ್ಷಿಣದ ಜಿಲ್ಲೆಯಿಂದ ತರಬೇತಿಗೆ ಬಂದ ಕಿರಿಯ ವೈದ್ಯರೊಬ್ಬರು ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದ್ದನ್ನು ನಮ್ಮ ಕಾಂಪೌಂಡರ್ ಇಂದಿಗೂ ಹೇಳಿಕೊಂಡು ನಗುತ್ತಾರೆ. ನಗುವಿನ ಆಚೆಗೆ, ತಿಂಡಿ ಮತ್ತು ಉರಿ ಇವೆರಡನ್ನೂ ಬೇರೆಬೇರೆಯಾಗಿ ಕೇಳಿ ಬರೆಯುವುದರಿಂದ ನಿರ್ಣಯದ ಅರ್ಧ ಕೆಲಸವಾಗುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆರಿಸುವ, ತೊಟ್ಟು ಬಿಡಿಸುವ ಕೆಲಸದ ಹೆಣ್ಣುಮಕ್ಕಳು ಕೈ ತೋರಿಸಿದಾಗ ಹೇಳುವುದು ಉರಿಯನ್ನು. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಆದರೂ ದಿನವಿಡೀ ರಾಶಿಯಲ್ಲಿ ಕೈಯಾಡಿಸಿದರೆ ಅದರ ಕ್ಯಾಪ್ಸೈಸಿನ್ ನರದ ತುದಿಗಳನ್ನು ಕೆಣಕುತ್ತದೆ. ಅದು ನೀರಿನಲ್ಲಿ ಸರಿಯಾಗಿ ಕರಗದ, ಎಣ್ಣೆಯಲ್ಲಿ ಕರಗುವ ವಸ್ತುವಾದ್ದರಿಂದ ಬರಿಯ ನೀರಿನಲ್ಲಿ ಕೈ ತೊಳೆದರೆ ಉರಿ ತಗ್ಗುವುದಿಲ್ಲ. ಮೊದಲು ಅಡುಗೆ ಎಣ್ಣೆ ಸವರಿ ಒರೆಸಿ ಆಮೇಲೆ ಸಾಬೂನು ಹಚ್ಚಿ ತೊಳೆಯಬೇಕೆಂದು ಚೀಟಿಯಲ್ಲಿ ಬರೆದುಕೊಡುತ್ತೇನೆ. ಗೌಂಡಿ ಕೆಲಸದವರು ಹೇಳುವುದು ತಿಂಡಿಯನ್ನು. ಸಿಮೆಂಟಿನ ಕ್ಷಾರದಿಂದ ಚರ್ಮ ಒರಟಾಗುವುದು ಒಂದು ಕಡೆಯಾದರೆ, ಅದರಲ್ಲಿರುವ ಕ್ರೋಮೇಟ್ ಕೆಲವರಿಗೆ ಅಲರ್ಜಿಯಾಗಿ ಮುಂಗೈ ನೀರೊಡೆಯುತ್ತದೆ, ಒಣಗುತ್ತದೆ, ಮತ್ತೆ ನೀರೊಡೆಯುತ್ತದೆ. ವರ್ಷಗಟ್ಟಲೆ ಕೆರೆದ ಜಾಗ ನೊಗ ಹೊತ್ತ ಎತ್ತಿನ ಹೆಗಲಿನ ತೊಗಲಿನಂತೆ ದಪ್ಪಗಾಗಿರುತ್ತದೆ. ಹೊಲದವರ ಕಣ್ಣರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಇದೇ ಬಗೆಯ ಇಸಬು ಕಂಡರೆ ನಾನು ಕೇಳುವ ಮೊದಲ ಪ್ರಶ್ನೆ ಕಾಂಗ್ರೆಸ್ ಕಸದ ಬಗ್ಗೆ. ಪಾರ್ಥೇನಿಯಂ ಎಂಬ ಆ ಕಳೆಯನ್ನು ಕೈಯಲ್ಲಿ ಮುಟ್ಟಲೇಬೇಕೆಂದಿಲ್ಲ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದು ಮೈಮೇಲೆ ಕುಳಿತರೂ ಸಾಕು. ‘ಇಸಬು’ ಎಂಬ ಒಂದೇ ಹೆಸರಿನಡಿ ಬರುವ ಗೌಂಡಿಗೂ ರೈತನಿಗೂ ನಾನು ಬರೆಯುವ ಮುಲಾಮು ಒಂದೇ ಆಗಿರಬಹುದು, ಆದರೆ ದೂರವಿಡಬೇಕಾದ ವಸ್ತು ಬೇರೆ. ಆದ್ದರಿಂದ ಮೂರನೆಯ ಸಾಲಿನಲ್ಲಿ ಎಕ್ಸಿಮಾ ಎಂದಷ್ಟೇ ಬರೆದು ನಿಲ್ಲಿಸದೆ ಕಾರಣವನ್ನೂ ಸೇರಿಸುತ್ತೇನೆ.

ನನ್ನ ಹೆಚ್ಚಿನ ಸಮಯವನ್ನು ತಿನ್ನುವುದು ಹುಳುಕಡ್ಡಿ. ಉಂಗುರದಂತೆ ಹಬ್ಬುವ, ಅಂಚು ಕೆಂಪಾಗಿ ನಡುವೆ ತಿಳಿಯಾಗುವ ಈ ಶಿಲೀಂಧ್ರದ ಸೋಂಕಿಗೂ ಹುಳುವಿಗೂ ಸಂಬಂಧವಿಲ್ಲ ಎಂಬುದನ್ನು ಹೇಳಿದರೆ ಜನ ಒಪ್ಪುತ್ತಾರೆ. ಒಪ್ಪಿಸುವುದು ಕಷ್ಟವಾಗುವುದು ಟ್ಯೂಬಿನ ವಿಷಯದಲ್ಲಿ. ‘ಏನು ಹಚ್ಚಿದ್ರಿ?’ ಎಂದು ಕೇಳಿದರೆ ‘ಟ್ಯೂಬ್ ಹಚ್ಚೇನ್ರಿ’ ಎಂಬ ಉತ್ತರ ಬರುತ್ತದೆ. ಶಿಲೀಂಧ್ರ ಕೊಲ್ಲುವ ಔಷಧವೂ ಟ್ಯೂಬ್, ಕ್ಲೋಬೆಟಾಸೋಲ್‌ನಂಥ ತೀವ್ರ ಸ್ಟಿರಾಯ್ಡೂ ಟ್ಯೂಬ್, ಎರಡನ್ನೂ ಬೆರೆಸಿ ಮೇಲೊಂದು ಆಂಟಿಬಯಾಟಿಕ್ ಸೇರಿಸಿದ್ದೂ ಟ್ಯೂಬ್. ಹೀಗಾಗಿ ಮೊದಲ ಭೇಟಿಗೆ ಸಮಯ ಕೊಡುವಾಗಲೇ ಹಳೆಯ ಟ್ಯೂಬುಗಳನ್ನು, ಖಾಲಿಯಾಗಿದ್ದರೂ, ಒಂದು ಚೀಲದಲ್ಲಿ ಹಾಕಿಕೊಂಡು ಬರಲು ನಮ್ಮ ಸಿಬ್ಬಂದಿ ಫೋನಿನಲ್ಲಿ ಹೇಳುತ್ತಾರೆ. ಚೀಲವನ್ನು ಮೇಜಿನ ಮೇಲೆ ಸುರಿದು, ಪ್ರತಿಯೊಂದು ಟ್ಯೂಬಿನ ಸುಕ್ಕು ಬಿಡಿಸಿ ಸಣ್ಣ ಅಕ್ಷರ ಓದಿ, ಸ್ಟಿರಾಯ್ಡ್ ಇರುವುದನ್ನು ಒಂದು ಬದಿಗೆ ಇಡುತ್ತೇನೆ. ಸಾಮಾನ್ಯವಾಗಿ ಆ ಬದಿಯ ರಾಶಿಯೇ ದೊಡ್ಡದಾಗಿರುತ್ತದೆ. ಸ್ಟಿರಾಯ್ಡ್ ಇರುವ ಹಲವು ಮುಲಾಮುಗಳನ್ನು 2018ರಲ್ಲಿ ಶೆಡ್ಯೂಲ್ ಎಚ್‌ಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಮಾಡಲಾಯಿತು; ಚೀಟಿಯಿಲ್ಲದೆ ಅವು ಸಿಗುವುದು ನಿಂತಿಲ್ಲ ಎಂಬುದಕ್ಕೆ ಆ ಚೀಲಗಳೇ ಸಾಕ್ಷಿ.

ಸ್ಟಿರಾಯ್ಡ್ ಹಚ್ಚಿದಾಗ ಕೆಂಪು ಮತ್ತು ತಿಂಡಿ ಕೆಲವೇ ದಿನಗಳಲ್ಲಿ ತಗ್ಗುತ್ತವೆ, ಶಿಲೀಂಧ್ರ ಮಾತ್ರ ನಿರಾತಂಕವಾಗಿ ಹರಡುತ್ತದೆ. ಉಂಗುರದ ಅಂಚು ಅಳಿಸಿಹೋಗಿ ನೋಡುವವರಿಗೂ ಗುರುತು ಸಿಗುವುದಿಲ್ಲ, ತೊಡೆಸಂದಿನ ಚರ್ಮ ತೆಳುವಾಗಿ ಗೀರುಗಳು ಮೂಡುತ್ತವೆ, ಮತ್ತು ಆ ಗೀರುಗಳು ಪೂರ್ತಿ ಹೋಗುವುದಿಲ್ಲ. ಇಂಥಲ್ಲಿ ಕಣ್ಣನ್ನು ನಂಬದೆ, ಅಂಚಿನ ಹೊಟ್ಟನ್ನು ಕೆರೆದು ಗಾಜಿನ ಪಟ್ಟಿಯ ಮೇಲಿಟ್ಟು 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕುತ್ತೇನೆ. ಚರ್ಮದ ಕೋಶಗಳು ಕರಗಿದ ಮೇಲೆ ಸೂಕ್ಷ್ಮದರ್ಶಕದಲ್ಲಿ ಕವಲೊಡೆದ ಎಳೆಗಳು ಕಾಣುತ್ತವೆ. ಒಪ್ಪದ ರೋಗಿಯನ್ನು ಕರೆದು ಅದನ್ನೇ ತೋರಿಸುತ್ತೇನೆ. ನನ್ನ ಅರ್ಧ ಗಂಟೆಯ ಮಾತಿಗಿಂತ ಆ ನೋಟ ಹೆಚ್ಚು ಕೆಲಸ ಮಾಡುತ್ತದೆ. 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂದು ಹೆಸರು ಪಡೆದ ಶಿಲೀಂಧ್ರ ಪ್ರಭೇದದಲ್ಲಿ, ಶಿಲೀಂಧ್ರ ಕೊಲ್ಲುವ ಟರ್ಬಿನಾಫಿನ್ ಮಾತ್ರೆಗೆ ಬಗ್ಗದಿರುವ ಗುಣ ಸಾಕಷ್ಟು ಕಾಣುವುದರಿಂದ ಚಿಕಿತ್ಸೆ ಈಗ ಹಿಂದಿಗಿಂತ ಉದ್ದವಾಗಿದೆ. ‘ಕಡಿಮೆ ಆದ ಕೂಡಲೇ ಬಿಡಬೇಡಿ’ ಎಂದು ಬಾಯಲ್ಲಿ ಹೇಳಿದ್ದು ಬಸ್ ನಿಲ್ದಾಣ ಮುಟ್ಟುವುದರೊಳಗೆ ಮರೆಯುತ್ತದೆ. ಆದ್ದರಿಂದ ಕಲೆ ಕಾಣದಂತಾದ ಮೇಲೂ ಎರಡು ವಾರ, ಅಂಚಿನಿಂದ ಎರಡು ಬೆರಳು ಆಚೆಯವರೆಗೆ ಹಚ್ಚಬೇಕೆಂದು ಬರೆದೇ ಕೊಡುತ್ತೇನೆ. ಅಳತೆಯೂ ಬೇಕು. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ, ಅದು ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ‘ತೆಳ್ಳಗೆ ಹಚ್ಚಿ’ ಎಂಬ ಮಾತನ್ನು ನಾನು ಬಿಟ್ಟಿದ್ದೇನೆ, ಒಬ್ಬೊಬ್ಬರ ತೆಳುವು ಒಂದೊಂದು ತರಹ.

ಕಜ್ಜಿ ಎಂದು ಬಂದವರಲ್ಲಿ ನಿಜವಾದ ಕಜ್ಜಿ, ಎಂದರೆ ನುಸಿಯಿಂದ ಬರುವ ಸ್ಕೇಬೀಸ್, ಇದೆಯೇ ಎಂದು ತಿಳಿಯಲು ಎರಡು ಪ್ರಶ್ನೆ ಬಹುತೇಕ ಸಾಕಾಗುತ್ತವೆ: ರಾತ್ರಿ ಹೆಚ್ಚಾಗುತ್ತದೆಯೇ, ಮನೆಯಲ್ಲಿ ಮತ್ತೆ ಯಾರು ಕೆರೆದುಕೊಳ್ಳುತ್ತಿದ್ದಾರೆ? ಆಮೇಲೆ ಬೆರಳಸಂದು, ಮಣಿಕಟ್ಟು, ಹೊಕ್ಕುಳ ನೋಡುತ್ತೇನೆ. ಇದರ ಚೀಟಿಯಲ್ಲಿ ‘ಮೈಗೆ ಹಚ್ಚಿ’ ಎಂದು ಬರೆದರೆ ತಿಂಡಿ ಇರುವಲ್ಲಿ ಮಾತ್ರ ಹಚ್ಚುತ್ತಾರೆ. ಆದ್ದರಿಂದ 5% ಪರ್ಮೆಥ್ರಿನ್ ಮುಲಾಮನ್ನು ಗದ್ದದ ಕೆಳಗಿನಿಂದ ಅಂಗಾಲಿನವರೆಗೆ, ಬೆರಳಸಂದು, ಉಗುರಿನ ಬುಡ, ಹೊಕ್ಕುಳ, ಗುಪ್ತಾಂಗ ಬಿಡದೆ, ರಾತ್ರಿ ಹಚ್ಚಿ ಬೆಳಿಗ್ಗೆ ಸ್ನಾನ ಮಾಡಬೇಕು. ತಿಂಡಿ ಇಲ್ಲದವರೂ ಸೇರಿ ಮನೆಯ ಎಲ್ಲರೂ ಒಂದೇ ರಾತ್ರಿ ಹಚ್ಚಬೇಕು. ವಾರದ ಮೇಲೆ ಮತ್ತೊಮ್ಮೆ ಹಚ್ಚಬೇಕು ಎಂದು ವಿವರವಾಗಿ ಬರೆಯುತ್ತೇನೆ. ತೊಳೆಯಲಾಗದ ಕೌದಿ, ರಗ್ಗುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ನಾಲ್ಕಾರು ದಿನ ಇಟ್ಟರೆ ಸಾಕು, ಮನುಷ್ಯನ ಮೈಯಿಂದ ದೂರವಾದ ನುಸಿ ಎರಡು ಮೂರು ದಿನಕ್ಕಿಂತ ಬದುಕುವುದು ಕಡಿಮೆ. ಇನ್ನೊಂದು ಸಾಲನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೇನೆ: ಔಷಧ ಕೆಲಸ ಮಾಡಿದ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಉಳಿಯಬಹುದು, ಅದಕ್ಕಾಗಿ ಮುಲಾಮನ್ನು ದಿನವೂ ಹಚ್ಚಬಾರದು.

ಬಿಳಿ ಕಲೆಯ ವಿಷಯಕ್ಕೆ ಬಂದಾಗ ಹೆಸರಿನ ಭಾರ ಬೇರೆಯೇ. ಮಕ್ಕಳ ಕೆನ್ನೆಯ ಮಸುಕು ಕಲೆಗೆ ಜಂತುಹುಳುವೋ ಕ್ಯಾಲ್ಸಿಯಂ ಕೊರತೆಯೋ ಕಾರಣವೆಂದು ನಂಬಿ ಬರುವ ತಾಯಂದಿರಿಗೆ ಅದು ಒಣ ಚರ್ಮದ ಸೌಮ್ಯ ತೊಂದರೆ ಎಂದು ಹೇಳಿ ಕಳಿಸಬಹುದು. ಎದೆ, ಬೆನ್ನಿನ ಚಿಬ್ಬು ಒಂದು ಬಗೆಯ ಯೀಸ್ಟಿನಿಂದ ಆದದ್ದು. ಅದು ಸತ್ತ ಮೇಲೂ ಬಣ್ಣ ಮರಳಲು ತಿಂಗಳುಗಳು ಬೇಕು ಎಂದು ಮೊದಲೇ ಹೇಳದಿದ್ದರೆ ಔಷಧಕ್ಕೆ ಬೈಗುಳ ಬೀಳುತ್ತದೆ. ತೊನ್ನಿನ ಮಾತು ಹಾಗಲ್ಲ. ಅದಕ್ಕೆ ಬಿಳಿಕುಷ್ಠ ಎನ್ನುವ ರೂಢಿ ಇನ್ನೂ ಇರುವುದರಿಂದ, ಚೀಟಿಯ ಮೊದಲ ಸಾಲಿನಲ್ಲಿ ರೋಗಿಯ ಮಾತನ್ನು ಬರೆಯುವ ನನ್ನ ನಿಯಮವನ್ನು ಇಲ್ಲಿ ಮುರಿದು ವಿಟಿಲಿಗೋ ಎಂದೇ ಬರೆಯುತ್ತೇನೆ; ಚೀಟಿ ಮನೆಯಲ್ಲಿ ನಾಲ್ಕು ಕೈ ದಾಟುತ್ತದೆ, ಬೀಗರ ಕೈಗೂ ಹೋಗಬಹುದು. ಬಣ್ಣ ಕೊಡುವ ಕೋಶಗಳು ನಾಶವಾದ ಸ್ಥಿತಿ ಇದು, ಸ್ಪರ್ಶ ಹೋಗುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಹಣೆಯ ನಡುವೆ ಟಿಕಳಿಯ ಗಾತ್ರದಷ್ಟೇ ಬಿಳಿಯಾಗಿದ್ದರೆ ಅಂಟಿನಲ್ಲಿರುವ ರಾಸಾಯನಿಕವನ್ನು ಶಂಕಿಸಿ ಟಿಕಳಿ ಬಿಡಿಸುತ್ತೇನೆ, ಕುಂಕುಮಕ್ಕೆ ಅಡ್ಡಿಯಿಲ್ಲ ಎಂದರೆ ಮುಖದಲ್ಲಿ ಸಮಾಧಾನ ಕಾಣುತ್ತದೆ.

ಕುಷ್ಠವನ್ನು ಗುರುತಿಸಲು ಪದಕ್ಕಿಂತ ಪರೀಕ್ಷೆ ಬೇಕು. ‘ಮುಟ್ಟಿದ್ದು ಗೊತ್ತಾಗತೈತೇನ್ರಿ?’ ಎಂದು ಕೇಳಿದರೆ ನಾಚಿಕೆಗೋ ಅಂದಾಜಿಗೋ ಹೌದೆನ್ನುತ್ತಾರೆ. ಹಾಗಾಗಿ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಒಮ್ಮೆ ಕಲೆಯ ಮೇಲೆ, ಒಮ್ಮೆ ಪಕ್ಕದ ಚರ್ಮದ ಮೇಲೆ ಮುಟ್ಟಿ, ಮುಟ್ಟಿದ ಜಾಗವನ್ನು ಅವರ ಬೆರಳಿನಿಂದಲೇ ತೋರಿಸಲು ಹೇಳುತ್ತೇನೆ. ಪಕ್ಕದ ಚರ್ಮಕ್ಕೆ ತಪ್ಪದೆ ಹೋಗುವ ಬೆರಳು ಕಲೆಯ ಸರದಿಯಲ್ಲಿ ಏಳುವುದೇ ಇಲ್ಲ, ಎದ್ದರೂ ಎಲ್ಲಿಗೋ ಹೋಗುತ್ತದೆ. ಆಗ ಮೊಣಕೈ ಒಳಬದಿಯ ನರ ದಪ್ಪಗಾಗಿದೆಯೇ ಎಂದು ಮುಟ್ಟಿ ನೋಡುತ್ತೇನೆ. ಹ್ಯಾನ್ಸನ್ ಎಂಬ ವೈದ್ಯರು 1873ರಲ್ಲಿ ನಾರ್ವೆಯಲ್ಲಿ ಕಂಡುಹಿಡಿದ ಬ್ಯಾಕ್ಟೀರಿಯಾದಿಂದ ಬರುವ ಈ ರೋಗಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವ ಬಹುಔಷಧ ಚಿಕಿತ್ಸೆ ರೋಗದ ಬಗೆಗೆ ತಕ್ಕಂತೆ 6 ಅಥವಾ 12 ತಿಂಗಳಿನದು. ಅದರಲ್ಲಿರುವ ರಿಫಾಂಪಿಸಿನ್‌ನಿಂದ ಮೂತ್ರ ಕೆಂಪಾಗುತ್ತದೆ, ಕ್ಲೋಫಜಿಮಿನ್‌ನಿಂದ ಮೈ ಕಪ್ಪಾಗುತ್ತದೆ, ಗುಳಿಗೆ ಮುಗಿದ ಮೇಲೆ ಆ ಕಪ್ಪು ನಿಧಾನವಾಗಿ ತಿಳಿಯಾಗುತ್ತದೆ ಎಂಬ ಮೂರು ಮಾತನ್ನು ಮೊದಲ ದಿನವೇ ಹೇಳದಿದ್ದರೆ ಗುಳಿಗೆ ನಡುವೆಯೇ ನಿಲ್ಲುತ್ತದೆ.

ಸರ್ಪಸುತ್ತಿನಲ್ಲಿ ನನಗೆ ಬೇಕಾದದ್ದು ಗುಳ್ಳೆ ಎದ್ದು ಎಷ್ಟು ದಿನವಾಯಿತು ಎಂಬುದು. 72 ಗಂಟೆಯೊಳಗೆ ಬಂದವರಿಗೆ ಅಸೈಕ್ಲೋವಿರ್‌ನಂಥ ಔಷಧದ ಪ್ರಯೋಜನ ಹೆಚ್ಚು. ತಲೆಯೂ ಬಾಲವೂ ಕೂಡಿದರೆ ಪ್ರಾಣ ಹೋಗುತ್ತದೆ ಎಂಬ ಭಯಕ್ಕೆ, ಈ ಗುಳ್ಳೆಗಳು ಒಂದು ನರದ ಜಾಡು ಹಿಡಿದು ಮೈಯ ಒಂದೇ ಬದಿಗೆ ಏಳುವಂಥವು ಎಂದು ಬೆನ್ನಿನ ಮೇಲೆ ಬೆರಳಾಡಿಸಿ ತೋರಿಸಿದರೆ ಸಾಕಾಗುತ್ತದೆ.

ಶಸ್ತ್ರ ಮತ್ತು ಯಂತ್ರಗಳ ವಿಷಯದಲ್ಲಿ ಸಹಿ ಹಾಕುವ ಒಪ್ಪಿಗೆ ಪತ್ರವನ್ನು ಪೂರ್ತಿ ಕನ್ನಡಕ್ಕೆ ತಂದಿದ್ದೇನೆ. ಬಯಾಪ್ಸಿ ಎಂದೊಡನೆ ಕ್ಯಾನ್ಸರ್ ಎಂದುಕೊಳ್ಳುವವರಿಗೆ, ಜಾಗವನ್ನು ಜೋಮು ಮಾಡಿ 4 ಮಿಲಿಮೀಟರ್ ಅಗಲದ ಚರ್ಮದ ತುಣುಕು ತೆಗೆದು ಪರೀಕ್ಷೆಗೆ ಕಳಿಸುವುದು ಎಂಬ ವಿವರವೇ ಸಾಂತ್ವನ. ನರಹುಲಿಯನ್ನು ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿದ ಮೇಲೆ ಮರುದಿನ ನೀರುಗುಳ್ಳೆ ಏಳುವುದು ಸಹಜ, ಅದನ್ನು ಒಡೆಯಬಾರದು ಎಂದು ಬರೆದಿರದಿದ್ದರೆ ಬೆಳಿಗ್ಗೆಯೇ ಫೋನ್ ಬರುತ್ತದೆ. 311 ನ್ಯಾನೋಮೀಟರ್‌ನ ಅತಿನೇರಳೆ ಬೆಳಕಿನ ಚಿಕಿತ್ಸೆಯನ್ನು ಜನ ‘ಕರೆಂಟ್ ಕೊಡೋದು’ ಎನ್ನುವುದರಿಂದ, ಮೈಗೆ ವಿದ್ಯುತ್ ತಾಗುವುದಿಲ್ಲ, ನಿಲ್ಲುವುದು ದೀಪಗಳ ನಡುವೆ ಮಾತ್ರ ಎಂಬ ಸಾಲನ್ನು ಸೇರಿಸಿದೆ.

ಅಲರ್ಜಿಯ ಕಾರಣ ಹುಡುಕುವ ಪ್ಯಾಚ್ ಟೆಸ್ಟ್‌ನ ಚೀಟಿ ಎಲ್ಲಕ್ಕಿಂತ ಹೆಚ್ಚು ತಿದ್ದುಪಡಿ ಕಂಡದ್ದು. ಕ್ರೋಮೇಟ್, ನಿಕ್ಕಲ್, ಪಾರ್ಥೇನಿಯಂ ಮೊದಲಾದವುಗಳ ಸಣ್ಣ ಬಿಲ್ಲೆಗಳನ್ನು ಬೆನ್ನಿಗೆ ಅಂಟಿಸಿ 48 ಗಂಟೆಗೆ ತೆಗೆದು ನೋಡಬೇಕು, 96 ಗಂಟೆಗೆ ಮತ್ತೊಮ್ಮೆ ನೋಡಬೇಕು, ಅಲ್ಲಿಯವರೆಗೆ ಬೆನ್ನಿಗೆ ನೀರು ಸೋಕಬಾರದು, ಬೆವರುವ ಕೆಲಸ ಮಾಡಬಾರದು. ಗಂಟೆಗಳ ಲೆಕ್ಕ ಕೊಟ್ಟರೆ ರೋಗಿಗಳು ತಪ್ಪಿ ಬರುತ್ತಿದ್ದರು. ಈಗ ಸೋಮವಾರ ಹಚ್ಚುವುದು, ಬುಧವಾರ ಬಿಚ್ಚುವುದು, ಶುಕ್ರವಾರ ನೋಡುವುದು ಎಂದು ವಾರದ ಹೆಸರನ್ನೇ ಅಚ್ಚು ಮಾಡಿಸಿ, ಬಿಲ್ಲೆಗಳ ಸುತ್ತ ಅಳಿಸದ ಪೆನ್ನಿನಿಂದ ಗುರುತು ಹಾಕಿ ಕಳಿಸುತ್ತೇನೆ, ಮತ್ತು ಬಿತ್ತನೆಯ ದಿನಗಳಲ್ಲಿ ಹೊಲದವರಿಗೆ ಈ ಪರೀಕ್ಷೆಯನ್ನೇ ಇಟ್ಟುಕೊಳ್ಳುವುದಿಲ್ಲ.