ಹಳೆಯ ಜೇಬುಚಾಕುವಿನ ತುಕ್ಕು: ಕುದಿಸಿ ಗೆದ್ದ ನನ್ನ ಅನುಭವ

ಅಲಗನ್ನು ಕುದಿಸಿದರೆ ಉಕ್ಕಿನ ಹದ ಹೋಗುತ್ತದೆ, ಮೂಳೆಯ ಹಿಡಿ ಬಿರುಕು ಬಿಡುತ್ತದೆ, ಕೀಲಿನೊಳಗೆ ನೀರು ನಿಂತು ತುಕ್ಕು ಇಮ್ಮಡಿಯಾಗುತ್ತದೆ. ಈ ಮೂರೂ ಎಚ್ಚರಿಕೆಗಳನ್ನು ನನಗಿಂತ ಹಳೆಯ ಸಂಗ್ರಾಹಕರೇ ಕೊಟ್ಟಿದ್ದರು. ಮೊದಲನೆಯದು ಸುಳ್ಳು. ಉಳಿದೆರಡು ನಿಜ, ಆದರೆ ಎರಡನ್ನೂ ತಡೆಯಬಹುದು. ಇಲ್ಲಿಯವರೆಗೆ ಮೂವತ್ತು ನಲವತ್ತು ಚಾಕುಗಳನ್ನಾದರೂ ಕುದಿಸಿ ಉಳಿಸಿದ್ದೇನೆ. ಅಂದು ಬೇಡವೆಂದು ತಲೆಯಾಡಿಸಿದವರಲ್ಲಿ ಇಬ್ಬರು ಈಗ ತಮ್ಮ ಚಾಕುಗಳನ್ನು ನನ್ನ ಕೈಗೇ ಕೊಡುತ್ತಾರೆ.

ಇಷ್ಟೆಲ್ಲ ಪಾಡು ಏಕೆಂದರೆ, ನಾನು ಚಾಕುವಿನಲ್ಲಿ ಮೊದಲು ನೋಡುವುದು ಅಲಗಿನ ಹೊಳಪನ್ನಲ್ಲ, ಅದರ ಬುಡದಲ್ಲಿರುವ ಮುದ್ರೆಯನ್ನು. ತಯಾರಕರು ಯಾರು, ಯಾವ ಕಾಲದ್ದು ಎಂಬುದೆಲ್ಲ ಅಲ್ಲೇ ಇದೆ. ಅಮೆರಿಕದ ಕೇಸ್ ಕಂಪನಿಯ ಚಾಕುಗಳನ್ನೇ ನೋಡಿ. 1970ರಲ್ಲಿ ಮುದ್ರೆಯ ಕೆಳಗೆ ಹತ್ತು ಚುಕ್ಕಿ ಇಟ್ಟರು, ಅಲ್ಲಿಂದ ವರ್ಷಕ್ಕೊಂದರಂತೆ ಕಡಿಮೆ ಮಾಡುತ್ತ ಬಂದರು. ಉಪ್ಪು ಕಾಗದದಲ್ಲಿ ಉಜ್ಜಿ ಒಂದು ಚುಕ್ಕಿ ಸವೆಸಿದರೆ 1973ರ ಚಾಕು 1974ರದ್ದಾಗಿಬಿಡುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನ ಜೋಸೆಫ್ ರಾಡ್ಜರ್ಸ್ ಕಂಪನಿಯ ಚಾಕುವಿನಲ್ಲಿ ಕಿರೀಟದ ಎರಡು ಬದಿಗೆ ವಿ, ಆರ್ ಇದೆಯೋ ಜಿ, ಆರ್ ಇದೆಯೋ ಎಂಬುದರ ಮೇಲೆ ಅದು ವಿಕ್ಟೋರಿಯಾ ಕಾಲದ್ದೋ, ಜಾರ್ಜ್ ದೊರೆಗಳ ಕಾಲದ್ದೋ ಎಂಬುದು ತೀರ್ಮಾನವಾಗುತ್ತದೆ. ‘ಇಂಗ್ಲೆಂಡ್’ ಎಂಬ ಪದ ಕಂಡರೆ ಬಹುಮಟ್ಟಿಗೆ 1891ರ ನಂತರದ್ದೆನ್ನಬಹುದು, ಏಕೆಂದರೆ ಅಮೆರಿಕಕ್ಕೆ ಬರುವ ಸರಕಿನ ಮೇಲೆ ದೇಶದ ಹೆಸರಿರಲೇಬೇಕೆಂದು 1890ರ ಸುಂಕದ ಕಾನೂನು ಕಡ್ಡಾಯ ಮಾಡಿತು. ಕೂದಲೆಳೆಯಷ್ಟು ಆಳದ ಈ ಅಕ್ಷರಗಳನ್ನು ಕಳೆದುಕೊಂಡ ಚಾಕು ಎಷ್ಟೇ ಮಿಂಚಿದರೂ ನನ್ನ ಕಣ್ಣಿಗೆ ಅನಾಮಧೇಯ.

ಹಣದ ಲೆಕ್ಕವೂ ಇಲ್ಲೇ ಇದೆ. ಒಂದು ಒಳ್ಳೆಯ ಹೊಸ ಚಾಕುವಿನ ಬೆಲೆಗೆ ತುಕ್ಕು ಹಿಡಿದು ಮುಚ್ಚಿಕೊಂಡ ಹಳೆಯವು ಏಳೆಂಟು ಸಿಗುತ್ತವೆ, ಒಟ್ಟಾಗಿ ಕೊಂಡರೆ ಇನ್ನೂ ಹೆಚ್ಚು. ಅವುಗಳಲ್ಲಿ ಅರ್ಧ ಬಿಡಿಭಾಗಕ್ಕೇ ಸರಿ. ಉಳಿದ ಅರ್ಧದಲ್ಲಿ ಒಂದೇ ಒಂದರ ಮುದ್ರೆ ಸ್ಪಷ್ಟವಾಗಿ ಹೊರಬಂದರೂ ಹಾಕಿದ ದುಡ್ಡು ಮರಳುತ್ತದೆ, ಎರಡು ಬಂದರೆ ಲಾಭ. ಅದೇ ಚಾಕುವನ್ನು ಯಂತ್ರದ ಚಕ್ರಕ್ಕೆ ಕೊಟ್ಟು ಕನ್ನಡಿಯಂತೆ ಮಾಡಿದರೆ, ತಿಳಿದವನು ಅರ್ಧ ಬೆಲೆಯನ್ನೂ ಕೊಡುವುದಿಲ್ಲ. ಕುದಿಸುವುದಕ್ಕೆ ತಗಲುವ ಖರ್ಚು ಬಟ್ಟಿ ಇಳಿಸಿದ ನೀರು, ಅತಿ ನಯದ ಉಕ್ಕಿನ ನಾರು (ಸ್ಟೀಲ್ ವುಲ್), ಒಂದಿಷ್ಟು ಅಸಿಟೋನ್. ಲೆಕ್ಕ ಬರೆದಿಡುವಷ್ಟೂ ಆಗುವುದಿಲ್ಲ.

ಇದಕ್ಕೆ ಮೊದಲು ಪ್ರಯತ್ನಿಸಿದ್ದು ಎಲ್ಲರೂ ಪ್ರಯತ್ನಿಸುವುದನ್ನೇ. ವಿನೆಗರ್ ತುಕ್ಕನ್ನು ತಿನ್ನುತ್ತದೆ, ನಿಜ, ಆದರೆ ತುಕ್ಕು ಮುಗಿದ ಮೇಲೆ ನಿಲ್ಲದೆ ಉಕ್ಕಿಗೂ ಬಾಯಿ ಹಾಕುತ್ತದೆ. ರಾತ್ರಿಯಿಡೀ ಅದರಲ್ಲಿದ್ದ ಅಲಗು ಬೆಳಿಗ್ಗೆ ಸತ್ತ ಬೂದು ಬಣ್ಣಕ್ಕೆ ತಿರುಗಿತ್ತು, ಅಕ್ಷರಗಳ ಅಂಚು ಮೊಂಡಾಗಿತ್ತು. ತುಕ್ಕನ್ನು ಕಪ್ಪಾಗಿಸುವ ದ್ರಾವಣಗಳು ಅಕ್ಷರದ ಗುಂಡಿಯಲ್ಲಿ ಬಣ್ಣದ ಹಾಗೆ ತುಂಬಿಕೊಂಡು ಕುಳಿತವು. ವಾಷಿಂಗ್ ಸೋಡಾ ನೀರಿನಲ್ಲಿ ವಿದ್ಯುತ್ ಹಾಯಿಸುವ ವಿಧಾನ ಬಿಚ್ಚಿದ ಅಲಗಿಗೆ ಬಹಳ ಚೆನ್ನಾಗಿದೆ. ಆದರೆ ಅಲಗನ್ನು ಬಿಚ್ಚಬೇಕೆಂದರೆ ಮೂಲ ಮೊಳೆ ಕಿತ್ತು ಹೊಸದು ಹೊಡೆಯಬೇಕು, ನೂರು ವರ್ಷದ ಚಾಕುವಿಗೆ ಅದನ್ನು ನಾನು ಮಾಡಲಾರೆ. (ಮಾಡುವವರು ಎದುರು ತುದಿಗೆ ಸ್ಟೇನ್‌ಲೆಸ್ ಉಕ್ಕು ಕಟ್ಟಬೇಡಿ, ನೀರಿನಲ್ಲಿ ಕ್ರೋಮಿಯಂ ವಿಷ ಇಳಿಯುತ್ತದೆ. ಸಾದಾ ಕಬ್ಬಿಣ ಸಾಕು.)

ಬಂದೂಕಿನ ನಳಿಕೆಗೆ ಕಪ್ಪು ಬಣ್ಣ ಕೊಡುವ ಹಳೆಯ ಕೆಲಸಗಾರರು ಬೇಕೆಂದೇ ತುಕ್ಕು ಹಿಡಿಸಿ, ಅದನ್ನು ಕುದಿಸಿ ಕಪ್ಪಾಗಿಸಿ, ಉಜ್ಜುತ್ತಿದ್ದರು. ಕೆಂಪು ತುಕ್ಕು ಕುದಿಯುವ ನೀರಿನಲ್ಲಿ ಕಪ್ಪು ಆಕ್ಸೈಡ್ ಆಗುತ್ತದೆ. ಆ ಕಪ್ಪು ಉಕ್ಕನ್ನು ತಿನ್ನುವುದಿಲ್ಲ, ಮೇಲಿನ ಸಡಿಲ ಪುಡಿ ಉಜ್ಜಿದರೆ ಬರುತ್ತದೆ, ಅಡಿಯ ಪದರ ಅಂಟಿಕೊಂಡು ಕಾಯುತ್ತದೆ. ತಾವೇ ಹಿಡಿಸಿದ ತುಕ್ಕಿಗೆ ಆಗುವುದು ಕಾಲ ಹಿಡಿಸಿದ ತುಕ್ಕಿಗೆ ಏಕಾಗಬಾರದು ಎಂಬುದೇ ನನ್ನ ವಾದ. ಹದದ ಮಾತಿಗೆ ಬಂದರೆ, ಇಂಥ ಅಲಗುಗಳಿಗೆ ಹದ ಕೊಡುವುದೇ ಸುಮಾರು 200 ಡಿಗ್ರಿಯ ಆಸುಪಾಸಿನಲ್ಲಿ. ನೀರು 100 ದಾಟುವುದಿಲ್ಲ. ಆದರೂ ಬಾಯಿಮಾತು ಬೇಡವೆಂದು ಕುದಿಸುವ ಮೊದಲೂ ನಂತರವೂ ಅಲಗಿನ ಮರೆಯ ಅಂಚಿನಲ್ಲಿ ಅರ ಆಡಿಸಿ ತೋರಿಸಿದೆ. ಕಚ್ಚಿದ್ದು ಅಷ್ಟೇ, ಜಾರಿದ್ದು ಅಷ್ಟೇ. ಸಾಣೆ ಹಿಡಿದ ಮೇಲೆ ಅಲಗು ಮೊದಲಿನಷ್ಟೇ ದಿನ ಹರಿತ ಉಳಿಸಿಕೊಂಡಿತು.

ಕೆಲಸದ ಕ್ರಮ ಹೀಗಿದೆ. ಮೊದಲು ಕೀಲಿಗೆ ತೆಳು ಎಣ್ಣೆ ಬಿಟ್ಟು ಒಂದೆರಡು ದಿನ ಸುಮ್ಮನಿರುತ್ತೇನೆ. ಇಕ್ಕಳ ಹಾಕಿ ಎಳೆದರೆ ಉಗುರು ಸಿಕ್ಕಿಸುವ ಗೀರಿನ ಬಳಿ ಅಲಗು ಮುರಿಯುತ್ತದೆ. ಬಿದಿರಿನ ತೆಳು ಚಕ್ಕೆಯಿಂದ ಮೀಟಿದರೆ ತಾನಾಗಿ ಏಳುತ್ತದೆ. ತೆರೆದು ಮುಚ್ಚಿ, ಹೊರಬರುವ ಕಪ್ಪು ಕೆಸರನ್ನು ಒರೆಸಿ, ಮತ್ತೆ ಎಣ್ಣೆ ಬಿಟ್ಟು, ಒರೆಸುವ ಬಟ್ಟೆ ಸ್ವಚ್ಛವಾಗಿ ಬರುವವರೆಗೆ ಇದೇ ಕೆಲಸ. ದಪ್ಪ ತುಕ್ಕಿನ ಹೊಪ್ಪಳೆಯನ್ನು ತಾಮ್ರದ ತುಂಡಿನ ಅಂಚಿನಿಂದ ಎಬ್ಬಿಸುತ್ತೇನೆ. ತಾಮ್ರ ಉಕ್ಕಿಗಿಂತ ಮೆತ್ತಗೆ, ಗೀರು ಬೀಳುವುದಿಲ್ಲ. ಆಮೇಲೆ ಅಲಗಿನ ಎಣ್ಣೆಯಂಶವನ್ನೆಲ್ಲ ಅಸಿಟೋನ್‌ನಲ್ಲಿ ತೆಗೆಯಬೇಕು. ಒಲೆಯಿಂದ ದೂರ, ಕಿಟಕಿ ತೆರೆದಿಟ್ಟುಕೊಂಡೇ ಈ ಕೆಲಸ. ಹಿಡಿ ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ಕಿನದ್ದಾಗಿದ್ದರೆ ಇಲ್ಲಿಗೇ ನಿಲ್ಲಿಸಿ: ಅಸಿಟೋನ್ ಅದನ್ನು ಕರಗಿಸುತ್ತದೆ, ಬೆಂಕಿ ತಗುಲಿದರೆ ಧಗ್ಗೆನ್ನುತ್ತದೆ.

ಅಲಗನ್ನು ಪೂರ್ತಿ ತೆರೆದು ತುದಿ ಕೆಳಗಾಗಿ ತೂಗುಬಿಟ್ಟು, ಮುದ್ರೆ ಮುಳುಗಿ ಹಿಡಿ ಮಾತ್ರ ಮೇಲುಳಿಯುವಂತೆ ನೀರಿನ ಮಟ್ಟ ಇಡಬೇಕು. ಹಬೆ ತಾಗದಂತೆ ಹಿಡಿಗೆ ಒಣ ಹತ್ತಿಬಟ್ಟೆ ಸುತ್ತುತ್ತೇನೆ. ಅರ್ಧ ಗಂಟೆಯ ಹತ್ತಿರ ಕುದಿಸಿದರೆ ಕೆಂಪು ಹೋಗಿ ಮಖಮಲ್ಲಿನಂಥ ಕಪ್ಪು ಬರುತ್ತದೆ. ತೆಗೆದು, ಎಣ್ಣೆ ತೊಳೆದ ಉಕ್ಕಿನ ನಾರಿನಿಂದ ಭಾರ ಹಾಕದೆ ಉಜ್ಜಿ, ಮತ್ತೆ ಕುದಿಸುವುದು. ಅಂಗಡಿಯಿಂದ ಬರುವ ಉಕ್ಕಿನ ನಾರಿನಲ್ಲೇ ಎಣ್ಣೆ ಇರುತ್ತದೆ. ಈ ವಿಧಾನ ಕೈಕೊಟ್ಟಿತು ಎನ್ನುವವರಲ್ಲಿ ಹೆಚ್ಚಿನವರು ಅದನ್ನು ತೊಳೆದಿರುವುದಿಲ್ಲ. ನಾಲ್ಕೈದು ಸುತ್ತು ಬೇಕಾಗುತ್ತದೆ. ನಲ್ಲಿಯ ನೀರು ಬೇಡ, ಅದರಲ್ಲಿರುವ ಲವಣ ಕಲೆ ಬಿಡುತ್ತದೆ. ಬಟ್ಟಿ ಇಳಿಸಿದ ನೀರಿನಲ್ಲಿ ಕುದಿಸಿದರೆ ಗುಂಡಿಗಳೊಳಗಿನ ಉಪ್ಪಿನಂಶವೂ ಹೊರಬರುತ್ತದೆ, ಮತ್ತೆ ತುಕ್ಕು ಏಳದಿರಲು ಅದೇ ಮುಖ್ಯ ಕಾರಣವೆಂದು ನನ್ನ ನಂಬಿಕೆ.

ಇನ್ನು ಕೀಲಿಗೆ ನೀರು ಏರದಂತೆ ತಡೆಯುವುದು. ಗ್ರೀಸ್ ತುಂಬಿದರೆ ಅದು ಕರಗಿ ನೀರಿನ ಮೇಲೆ ತೇಲಿ, ಅಲಗಿಗೆ ಹತ್ತಿ, ಇಡೀ ಕೆಲಸ ಕೆಡಿಸುತ್ತದೆ. ಜೇನುಮೇಣ 60 ಡಿಗ್ರಿ ದಾಟುತ್ತಿದ್ದಂತೆ ಕರಗಿ ಅದೇ ಕಥೆ. ಬಹಳ ದಿನ ಹೆಣಗಿದ ಮೇಲೆ ಸಿಕ್ಕಿದ ವಸ್ತು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಅದು ಇಲ್ಲದೆಯೂ ಕೆಲಸ ಆಗುತ್ತದೆ: ನೀರಿನಿಂದ ತೆಗೆದ ಕೂಡಲೇ ಕೀಲಿಗೆ ಬಿಸಿಗಾಳಿ ಊದಿ, ಪೂರ್ತಿ ಒಣಗಿಸಿ, ಎಣ್ಣೆ ತುಂಬಿ, ತೆರೆದು ಮುಚ್ಚಿ ಮಾಡಿದರೆ ಸಾಕು, ಶ್ರಮ ಮಾತ್ರ ಎರಡು ಪಟ್ಟು. ಬಿಸಿ ಹಿಡಿಯ ಮೇಲೆ ತಣ್ಣೀರು ಮಾತ್ರ ಬೀಳಬಾರದು, ಮೊಳೆಯ ಸುತ್ತಲೇ ಮೂಳೆ ಸೀಳುತ್ತದೆ.

ನನ್ನ ಬಳಿ ಇರುವವುಗಳಲ್ಲಿ ಅತ್ಯಂತ ಪ್ರೀತಿಯದು ಜಿಂಕೆ ಕೊಂಬಿನ ಹಿಡಿಯ, ಎರಡು ಅಲಗಿನ ಒಂದು ಚಾಕು. ಬಂದಾಗ ಅಲಗಿನ ಬುಡ ಇಟ್ಟಿಗೆಯ ಬಣ್ಣದ ಒಂದೇ ಗಂಟು. ಎರಡನೆಯ ಸುತ್ತಿನ ನಂತರ ದೀಪವನ್ನು ಓರೆಯಾಗಿ ಹಿಡಿದಾಗ ಒಂದು ಸಣ್ಣ ಮೂಲೆ ಕಂಡಿತು. ಮೂರನೆಯದರಲ್ಲಿ ಅದು ನಕ್ಷತ್ರದ ಮೊನೆಯಾಯಿತು, ಪಕ್ಕದಲ್ಲಿ ಮಾಲ್ಟಾ ಶಿಲುಬೆಯ ಕವಲೊಡೆದ ತೋಳು. ಇವೆರಡೂ ಜೊತೆಗಿದ್ದರೆ ಅದು ರಾಡ್ಜರ್ಸ್ ಮುದ್ರೆಯ ಗುರುತು! ನಾರಿನ ಬದಲು ಮೊನೆ ಮಾಡಿದ ಬಿದಿರಿನ ಕಡ್ಡಿ ಹಿಡಿದು ಒಂದೊಂದೇ ಅಕ್ಷರದ ಗುಂಡಿಯಿಂದ ಕಪ್ಪು ಪುಡಿ ತೆಗೆದೆ. ಕಿರೀಟದ ಮಣಿಗಳನ್ನು ಭೂತಗನ್ನಡಿಯಲ್ಲಿ ಎಣಿಸಬಹುದಿತ್ತು. ‘ಇದನ್ನು ಗುಜರಿಗೆ ಹಾಕಿ’ ಎಂದು ನನಗೆ ಹೇಳಲಾಗಿದ್ದ ಚಾಕು ಅದು.

ಈ ವಿಧಾನ ಗುಂಡಿ ಮುಚ್ಚುವುದಿಲ್ಲ. ತುಕ್ಕು ತಿಂದ ಉಕ್ಕು ಹೋಯಿತೆಂದೇ ಲೆಕ್ಕ. ಸ್ಪ್ರಿಂಗಿನ ಒಳಮೈಗೂ ಹಿಡಿಯೊಳಗಿನ ಹಿತ್ತಾಳೆ ಪಟ್ಟಿಯ ಕಿಲುಬಿಗೂ ನೀರು ತಲುಪಿಸುವುದಿಲ್ಲ, ಅಲ್ಲಿ ಎಣ್ಣೆ ಮತ್ತು ಕಡ್ಡಿಯೇ ಗತಿ. ಅಲಗಿನ ಮೇಲೆ ತೆಳುವಾಗಿ ಕೆತ್ತಿದ ಚಿತ್ರ ಅಥವಾ ಬರಹ ಉಳಿದಿದ್ದರೆ ಉಜ್ಜುವ ಕೆಲಸಕ್ಕೇ ಕೈ ಹಾಕುವುದಿಲ್ಲ.

ಈ ನಡುವೆ ಹೊಸ ಕಾರ್ಬನ್ ಉಕ್ಕಿನ ಅಲಗುಗಳಿಗೆ ಬೇಗ ಕಪ್ಪು ಹತ್ತಿಸುವ ಆಟವನ್ನೂ ಆಡಿದೆ. ಸಾಸಿವೆ ಮುದ್ದೆ ಮಚ್ಚೆ ಮಚ್ಚೆಯಾಗಿಸಿತು, ನಿಂಬೆ ಕಚ್ಚಿತು. ಗಟ್ಟಿ ಚಹಾ ಡಿಕಾಕ್ಷನ್ ಎಲ್ಲಕ್ಕಿಂತ ಚೆನ್ನಾಗಿ, ನೀಲಿ ಬೆರೆತ ಕಪ್ಪನ್ನು ಸಮವಾಗಿ ಕೊಟ್ಟಿತು. ಫ್ರಾನ್ಸಿನ ಒಪಿನೆಲ್ ಕಂಪನಿಯ ಕಾರ್ಬನ್ ಅಲಗೊಂದನ್ನು ಹೀಗೆ ಮಾಡಿಟ್ಟಿದ್ದೇನೆ, ದಿನನಿತ್ಯ ಹಣ್ಣು ಕತ್ತರಿಸಿದರೂ ತುಕ್ಕಿನ ಸುಳಿವಿಲ್ಲ. ಹಳೆಯ ಚಾಕುವಿಗೆ ಮಾತ್ರ ಇದನ್ನು ಮಾಡಬಾರದು, ಹೊಸ ಕಪ್ಪನ್ನು ಹಳೆಯ ಕಪ್ಪೆಂದು ಮಾರುವವರು ಈಗಾಗಲೇ ಸಾಕಷ್ಟಿದ್ದಾರೆ. ಕುದಿಸಿದ ಚಾಕುವನ್ನು ಕೈಬದಲಿಸುವಾಗ ಕುದಿಸಿದ್ದೆಂದು ನಾನು ಹೇಳಿಯೇ ಕೊಡುತ್ತೇನೆ. ಅದರಿಂದ ಬೆಲೆ ಇಳಿದದ್ದಿಲ್ಲ.

ಕೆಲಸ ಮುಗಿದ ಅಲಗಿಗೆ ಶುದ್ಧ ಮಿನರಲ್ ಆಯಿಲ್ ಒಂದು ತೊಟ್ಟು. ಅಡುಗೆ ಎಣ್ಣೆ ಕೀಲಿನಲ್ಲಿ ಜಿಗುಟುಗಟ್ಟುತ್ತದೆ. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿಯುತ್ತದೆ. ಸೆಲ್ಯುಲಾಯ್ಡ್ ಹಿಡಿಯವು ಬೇರೆಯೇ ಪೆಟ್ಟಿಗೆಯಲ್ಲಿ, ಗಾಳಿಯಾಡುವ ಕಡೆ ಇರಲಿ. ಅದು ಹಳಸಿದಾಗ ಬಿಡುವ ಆಮ್ಲದ ಹಬೆ ಪಕ್ಕದ ಚಾಕುಗಳ ಅಲಗನ್ನೂ ತಿನ್ನುತ್ತದೆ, ನಾನು ಕುದಿಸಿದ ತುಕ್ಕಿನಲ್ಲಿ ಒಂದು ಪಾಲು ಅಂಥ ನೆರೆಯಿಂದ ಬಂದದ್ದೇ.